ಆ ಫೋಟೋ ಹನಿಸಕಲ್‌ದಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನಲ್ಲಿ ಹನಿಸಕಲ್ ಬಳ್ಳಿ ಅಂತ ಹಾಕಿದ್ದ ಫೋಟೋ ರಂಗೂನ್ ಕ್ರೀಪರ್‌ದು, ಸುಮಾರು ಜನ ಮಧುಮಾಲತಿ ಅಂತಾರಲ್ಲ ಅದು. ಎರಡೂ ಬೆಳ್ಳಗೇ ಅರಳ್ತವೆ, ಗೊಂದಲ ಅಲ್ಲೇ ಆಗೋದು. ರಂಗೂನ್ ಆಮೇಲೆ ಪಿಂಕ್ ಆಗಿ ಕೆಂಪಗಾಗುತ್ತೆ, ಜಪಾನ್ ಹನಿಸಕಲ್ ಹಳದಿಗೆ ತಿರುಗುತ್ತೆ, ಹೂವು ಗೊಂಚಲಾಗಿ ಜೋತು ಬೀಳದೆ ಎಲೆ ಬುಡದಲ್ಲಿ ಜೋಡಿಯಾಗಿ ಬರುತ್ತೆ.

ಇಷ್ಟು ಯಾಕೆ ಹೇಳ್ತಿದೀನಂದ್ರೆ, ಒಂದು ನರ್ಸರಿಯಲ್ಲಿ ಹನಿಸಕಲ್ ಅಂತ ಕೊಟ್ಟ ಗಿಡಾನ ಎರಡು ವರ್ಷ ಸಾಕಿ, ಗೇಟ್ ಮೇಲೆ ಹಬ್ಬಿ ಹೂ ಬಿಟ್ಟಾಗ ನೋಡಿದ್ರೆ ಕೆಂಪು. ಚೆಂದಾನೇ ಇದೆ, ಕಿತ್ತಿಲ್ಲ, ಆದ್ರೆ ನಾನು ಕೇಳಿದ್ದು ಅದಲ್ವಲ್ಲ.

ಕೊನೆಗೆ ಸಿಕ್ಕಿದ್ದು ನಮ್ಮ ಅತ್ತಿಗೆ ಮನೇಲಿ. ಕಡ್ಡಿ ಮುರಿದು ಕೊಡಿ ಅಂದೆ, ಕಡ್ಡೀನೂ ಬರುತ್ತೆ ಆದ್ರೆ ಅರ್ಧ ಒಣಗಿಹೋಗ್ತವೆ, ತಡಿ ಅಂದ್ರು. ಮಳೆಗಾಲ ಶುರುವಾಗಿತ್ತು. ಹಳೇ ಎಣ್ಣೆ ಡಬ್ಬಕ್ಕೆ ತೂತು ಹೊಡೆದು ಕೆಮ್ಮಣ್ಣು, ಮೇಕೆ ಗೊಬ್ಬರ ತುಂಬಿ ಬಳ್ಳಿ ಪಕ್ಕ ಇಟ್ರು, ತೀರ ಎಳೆಯದೂ ಅಲ್ಲದ ಬಲಿತಿದ್ದೂ ಅಲ್ಲದ ಒಂದು ಬಳ್ಳಿ ಬಗ್ಗಿಸಿ, ಒಂದು ಗೆಣ್ಣಿನ ಎಲೆ ತೆಗೆದು ಅದನ್ನ ಮಣ್ಣಲ್ಲಿ ಹೂತು ಮೇಲೊಂದು ಕಲ್ಲು ಹೇರಿದ್ರು, ತುದಿ ಮಾತ್ರ ಆಚೆ. ಒಣಗೋಕೆ ಬಿಡಲಿಲ್ಲ ಅಷ್ಟೇ. ಒಂದೂವರೆ ತಿಂಗಳು ಬಿಟ್ಟು ಮೆತ್ತಗೆ ಎಳೆದು ನೋಡಿದ್ರೆ ಅಲ್ಲಾಡಲಿಲ್ಲ, ಗೆಣ್ಣು ಸುತ್ತ ಬೆಳ್ಳಗೆ ದಾರದಂಗೆ ಬೇರು. ತಾಯಿ ಬಳ್ಳಿ ಕಡೆಯಿಂದ ಕತ್ತರಿಸಿ ಡಬ್ಬದ ಸಮೇತ ಕೊಟ್ಟು ಕಳಿಸಿದ್ರು.

ನಮ್ಮ ಚಿಂತಾಮಣಿ ಬಿಸಿಲಿಗೆ ಇದನ್ನ ಪೂರ್ವದ ಗೋಡೆಗೆ ಹಬ್ಬಿಸಬೇಕು, ಬೆಳಗಿನ ಬಿಸಿಲು ಸಾಕು, ಏಪ್ರಿಲ್ ಮಧ್ಯಾಹ್ನದ ಬಿಸಿಲು ಬಿದ್ರೆ ಎಲೆ ಅಂಚು ಸುಟ್ಟಂಗಾಗುತ್ತೆ. ಹೂ ಮುಗಿದ ಮೇಲೆ ಕತ್ತರಿಸ್ತಾ ಇರಬೇಕು, ಇಲ್ಲಾಂದ್ರೆ ಒಳಗೆಲ್ಲ ಬರೀ ಒಣಕಡ್ಡಿ.

ಕತ್ತರಿಸಿದ್ದನ್ನ ದಯವಿಟ್ಟು ಕೆರೆ ಏರಿ, ಬೆಟ್ಟದ ಬುಡದಲ್ಲಿ ಎಸೀಬೇಡಿ. ಹಸಿಮಣ್ಣು ಸಿಕ್ಕಿದ ಕಡೆ ಗೆಣ್ಣು ಬೇರು ಬಿಡುತ್ತೆ. 1806ರಲ್ಲಿ ಅಮೆರಿಕಕ್ಕೆ ಚೆಂದಕ್ಕೆ ಅಂತ ತಗೊಂಡು ಹೋದ ಇದೇ ಬಳ್ಳಿ ಅಲ್ಲಿ ಕಾಡಿಗೇ ನುಗ್ಗಿ ಬೇರೆ ಗಿಡಗಳನ್ನ ಮುಚ್ಚಿಹಾಕಿದೆ. ಕಪ್ಪು ಹಣ್ಣು ಬಿಡುತ್ತೆ, ಮಕ್ಕಳು ತಿನ್ನದಂಗೆ ನೋಡ್ಕೊಳ್ಳಿ.

ತಿದ್ದುಪಡಿ ಹಾಕಿ ಸಾರ್, ಪೇಪರ್ ನೋಡಿ ಗಿಡ ತರೋರು ಇದಾರೆ. ಫೋಟೋ ಬೇಕಿದ್ರೆ ನಮ್ಮ ಮನೇದೇ ಕಳಿಸ್ತೀನಿ, ಒಂದೇ ಕೊಂಬೆಯಲ್ಲಿ ಇವತ್ತಿಂದು ಬಿಳಿ, ನಿನ್ನೆಮೊನ್ನೇದು ಹಳದಿ. ಚೀನಾದಲ್ಲಿ ಇದರ ಹೆಸರೇ ಚಿನ್ನ-ಬೆಳ್ಳಿ ಹೂವು.

ನಿಮ್ಮ ಹಳೇ ಓದುಗಿ,
ಚಿಂತಾಮಣಿ