ಹತ್ತು ನಿಮಿಷದ ಆಯ್ಕೆ ಸಾಲದು, ಇಡೀ ಪಂದ್ಯ ನೋಡಿ

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ಮಾನ್ಯರೇ, ನಮಸ್ಕಾರಗಳು.

ನಾನು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. ಬೆಳಗಾವಿ ಎಂದರೆ ಕುಸ್ತಿ ಎನ್ನುವವರೇ ಹೆಚ್ಚು. ಆದರೆ ಒಂದು ಕಡೆ ದಂಡಿನ ಪ್ರದೇಶ, ಇನ್ನೊಂದು ಕಡೆ ಗೋವಾ ಗಡಿ ಇರುವ ನಮ್ಮ ಸೀಮೆಗೆ ಫುಟ್‌ಬಾಲ್ ಹೊಸದಲ್ಲ. ಶಾಲಾ ಕ್ರೀಡಾಕೂಟಗಳು ಶುರುವಾಗುವ ಹೊತ್ತಿಗೆ ಇಲ್ಲಿ ಮಳೆ ಕಟ್ಟಿ ಹೊಡೆಯುತ್ತಿರುತ್ತದೆ. ಕೆಂಪು ರಾಡಿಯಲ್ಲಿ ಮಿಂದೆದ್ದರೂ ನಮ್ಮ ಮಕ್ಕಳು ಚೆಂಡು ಬಿಡುವುದಿಲ್ಲ.

ಎರಡು ವರ್ಷದ ಹಿಂದೆ ಇಬ್ಬರು ಹುಡುಗರನ್ನು ಬೆಂಗಳೂರಿನ ಒಂದು ಆಯ್ಕೆ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಸುಮಾರು 500 ಕಿಲೋಮೀಟರ್ ದಾರಿ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಯಲ್ಲಿ ರಾತ್ರಿಯಿಡೀ ಕುಳಿತೇ ಹೋದೆವು. ಬೆಳಿಗ್ಗೆ ಎತ್ತರ ಅಳೆದರು, ತೂಕ ನೋಡಿದರು, 30 ಮೀಟರ್ ಓಡಿಸಿದರು. ಆಮೇಲೆ ಮುಖಪರಿಚಯವೂ ಇಲ್ಲದ ಮಕ್ಕಳ ಜೊತೆ ಹತ್ತು ನಿಮಿಷ ಆಡಿಸಿದರು. ಅಷ್ಟರಲ್ಲಿ ನಮ್ಮವರಲ್ಲೊಬ್ಬನ ಕಾಲಿಗೆ ಚೆಂಡು ಸಿಕ್ಕಿದ್ದು ಎರಡೇ ಸಲ. ಇಬ್ಬರೂ ಆಯ್ಕೆಯಾಗಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಎರಡು ದಿನದ ಕೂಲಿ ಬಿಟ್ಟು ನಮ್ಮೊಡನೆ ಬಂದಿದ್ದ, ಎರಡೇ ಸಲ ಚೆಂಡು ಸಿಕ್ಕ ಆ ಹುಡುಗನ ತಂದೆ ವಾಪಸ್ ಬರುವಾಗ ಒಂದು ಮಾತೂ ಆಡಲಿಲ್ಲ.

ಆಯ್ಕೆಗಾರರ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ದಿನದಲ್ಲಿ ಅಷ್ಟೊಂದು ಮಕ್ಕಳನ್ನು ನೋಡಬೇಕಾದವರ ಕಣ್ಣಿಗೆ ಮೊದಲು ಬೀಳುವುದು ಮೈಕಟ್ಟು ಮತ್ತು ವೇಗ. ಹದಿಮೂರರ ವಯಸ್ಸಿನಲ್ಲಿ ಜನವರಿಯಲ್ಲಿ ಹುಟ್ಟಿದವನಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನಿಗೂ ನಡುವೆ 11 ತಿಂಗಳ ಬೆಳವಣಿಗೆಯ ಅಂತರವಿರುತ್ತದೆ. ವಯೋಮಿತಿಯ ಲೆಕ್ಕದಲ್ಲಿ ಇಬ್ಬರೂ ಒಂದೇ ಗುಂಪು. ಯುರೋಪಿನ ಫುಟ್‌ಬಾಲ್ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಹೆಚ್ಚಾಗಿರುವುದನ್ನು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಅಷ್ಟು ಅನುಕೂಲವಿರುವವರೇ ಎಡವುವಲ್ಲಿ ನಮ್ಮ ಹತ್ತು ನಿಮಿಷದ ಪರೀಕ್ಷೆಯನ್ನು ಹೇಗೆ ನಂಬುವುದು?

ಕಳೆದ ವರ್ಷ ನಮ್ಮ ಮೈದಾನದಲ್ಲಿ ನಡೆದ ಒಂದು ಪಂದ್ಯವನ್ನು ಚಿತ್ರೀಕರಿಸಲು ಮನಸ್ಸಾಯಿತು. ಶಾಲೆಯ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಬಿದಿರಿನ ಗಳ ಕಟ್ಟಿ, ಅದರ ತುದಿಗೆ ನನ್ನ ಮೊಬೈಲನ್ನು ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿದೆ. ರಾತ್ರಿ ಮನೆಯಲ್ಲಿ ಕುಳಿತು ನೋಡಿದಾಗ ಆರು ನಂಬರಿನ ಹುಡುಗನ ಮೇಲೆ ಕಣ್ಣು ನಿಂತಿತು. ಮಾತು ಕಡಿಮೆ, ಮೈ ಸಣ್ಣದು, ಎರಡು ವರ್ಷದಿಂದ ನನ್ನ ಕೈಯಲ್ಲೇ ಆಡುತ್ತಿದ್ದವನು. ಚೆಂಡು ತನ್ನ ಬಳಿ ಬರುವ ಮೊದಲು ಅವನು ಕತ್ತು ತಿರುಗಿಸಿ ಹಿಂದೆ ನೋಡುತ್ತಾನೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೆ. ಚೆಂಡು ಕಾಲಿಗೆ ತಾಗುವಷ್ಟರಲ್ಲಿ ಅದು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಿರುತ್ತಾನೆ. ಮೈದಾನದ ನಡುಭಾಗದಲ್ಲಿ ಆಡುವ ಒಳ್ಳೆಯ ಮಿಡ್‌ಫೀಲ್ಡರ್‌ಗಳಲ್ಲಿ ತರಬೇತುದಾರರು ಹುಡುಕುವ ಗುಣವೇ ಇದು. ಅಂಚಿನಲ್ಲಿ ನಿಂತು ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಿದ್ದ ನನಗೆ ಎರಡು ವರ್ಷ ಅದು ಕಂಡಿರಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇವನಿಗಿಂತ ಮೊದಲು ಇಂಥ ಎಷ್ಟು ಮಕ್ಕಳು ನನ್ನ ಕಣ್ಣೆದುರೇ ಶಾಲೆ ಬಿಟ್ಟು ಹೋದರೋ!

ಈ ತಂತ್ರಜ್ಞಾನ ಆಕಾಶದಿಂದ ಇಳಿಯಬೇಕಾದ್ದಲ್ಲ. ಇಡೀ ಮೈದಾನವನ್ನು ಒಟ್ಟಿಗೆ ಸೆರೆಹಿಡಿದು, ಚೆಂಡು ಹೋದತ್ತ ದೃಶ್ಯವನ್ನು ತಾನೇ ತಿರುಗಿಸುವ ಎರಡು ಮಸೂರದ ಕ್ಯಾಮೆರಾಗಳು ಯುರೋಪಿನ ಸಣ್ಣಪುಟ್ಟ ಕ್ಲಬ್‌ಗಳಲ್ಲೂ ಇವೆ. ನಮ್ಮ ದೇಶವೇ 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆಸಿತು. ಅದಕ್ಕೆ ಭಾರತ ತಂಡ ಕಟ್ಟುವಾಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ವಿದೇಶದಲ್ಲಿ ನೆಲೆಸಿದ ಭಾರತೀಯ ಹುಡುಗರಿಂದ ಅಂತರ್ಜಾಲದ ಮೂಲಕ ಆಟದ ವಿಡಿಯೊ ತರಿಸಿಕೊಂಡಿತ್ತು. ಸಾಗರದಾಚೆಯ ಮಗುವಿಗೆ ಸಿಕ್ಕ ಆ ಅವಕಾಶ ನಮ್ಮ ತಾಲ್ಲೂಕಿನ ಜಾಂಬೋಟಿಯ ಮಗುವಿಗೂ ಸಿಗಲಿ ಎಂದು ಕೇಳುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಬೆಳಗಾವಿ ವಿಭಾಗದ ಏಳು ಜಿಲ್ಲೆಗಳಲ್ಲಿ ತಾಲ್ಲೂಕು ಮಟ್ಟದಿಂದ ಮೇಲಿನ ಶಾಲಾ ಫುಟ್‌ಬಾಲ್ ಪಂದ್ಯಗಳನ್ನು ಎತ್ತರದಿಂದ, ಆರಂಭದಿಂದ ಕೊನೆಯ ಸೀಟಿಯವರೆಗೆ ಚಿತ್ರೀಕರಿಸಲು ತಾಲ್ಲೂಕಿಗೊಂದು ಕ್ಯಾಮೆರಾ, ಒಂದು ಕಂಬ ಕೊಡಿ. ಕ್ರೀಡಾ ವಸತಿ ನಿಲಯಗಳಿಗೆ ಮಕ್ಕಳನ್ನು ಆರಿಸುವವರು ಆ ಪಂದ್ಯಗಳನ್ನು ನೋಡಿ, ಆಮೇಲೆ ಯಾರನ್ನು ಕರೆಸಬೇಕೋ ಕರೆಸಲಿ. ಗೋಲುಗಳ ತುಣುಕು ಮಾತ್ರ ಕಳಿಸಿದರೆ ಉಪಯೋಗವಿಲ್ಲ. ಚೆಂಡು ಕಳೆದುಕೊಂಡ ಮೇಲೆ ಹುಡುಗ ಹಿಂದಕ್ಕೆ ಓಡಿದನೋ, ಸೊಂಟದ ಮೇಲೆ ಕೈಯಿಟ್ಟು ನಿಂತನೋ ಎಂಬುದು ತುಣುಕಿನಲ್ಲಿ ಇರುವುದಿಲ್ಲ.

ಯಂತ್ರವೇ ಅಂಕ ಹಾಕಿ ಮಕ್ಕಳನ್ನು ಆರಿಸುವ ವ್ಯವಸ್ಥೆ ಮಾತ್ರ ಬೇಡ. ನಮ್ಮ ಕೆಸರಿನಲ್ಲಿ ಅರ್ಧ ಗಂಟೆಗೆ ಎರಡೂ ತಂಡಗಳ ಅಂಗಿ ಒಂದೇ ಬಣ್ಣವಾಗುತ್ತವೆ. ಎಷ್ಟೋ ಶಾಲೆಗಳ ಮಕ್ಕಳ ಬೆನ್ನ ಮೇಲೆ ನಂಬರೇ ಇರುವುದಿಲ್ಲ. ದಯವಿಟ್ಟು ಕ್ಯಾಮೆರಾಕ್ಕಿಂತ ಮೊದಲು ನಂಬರಿನ ಅಂಗಿ ಕೊಡಿಸಿ. ಚಿತ್ರಗಳು ಸರ್ಕಾರದ ಬಳಿಯೇ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಆ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಗಡಿಭಾಗದವರಿಗಾಗಿ ಮರಾಠಿಯಲ್ಲೂ ಇರಲಿ.

ಹೆಣ್ಣುಮಕ್ಕಳಿಗೆ ಇದರಿಂದ ಎಲ್ಲರಿಗಿಂತ ಹೆಚ್ಚು ಪ್ರಯೋಜನ. ನಮ್ಮ ಶಾಲೆಯ ಗೋಲ್‌ಕೀಪರ್ ಹುಡುಗಿಯ ತಾಯಿ ನನಗೆ ಹೇಳಿದ್ದು ಇಷ್ಟೇ: “ಸರ್, ಆರಿಸಿಕೊಂಡರೆ ಕಳಿಸುತ್ತೇನೆ. ಆರಿಸುತ್ತಾರೋ ಇಲ್ಲವೋ ನೋಡುವುದಕ್ಕೆ ರಾತ್ರಿ ರೈಲಿಗೆ ಕಳಿಸಲಾರೆ.” ಆ ತಾಯಿಗೆ ಎದುರಾಡಲು ನನ್ನಲ್ಲಿ ಮಾತಿರಲಿಲ್ಲ.

ಚಳಿಗಾಲದ ಅಧಿವೇಶನಕ್ಕೆ ತಾವು ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. ಒಂದು ಸಂಜೆ ಬಿಡುವು ಮಾಡಿಕೊಂಡರೆ ಆ ಪಂದ್ಯದ ವಿಡಿಯೊ ಇರುವ ಪೆನ್‌ಡ್ರೈವ್ ಹಿಡಿದು ನಾನೇ ಬರುತ್ತೇನೆ. ಗಾಳಿಗೆ ಗಳ ಅಲುಗಾಡಿ ಚಿತ್ರ ಅಲ್ಲಲ್ಲಿ ಕುಲುಕುತ್ತದೆ, ಮಳೆಹನಿಯೂ ಕೂತಿದೆ. ಆದರೂ ಆರು ನಂಬರಿನವನು ಸ್ಪಷ್ಟವಾಗಿ ಕಾಣುತ್ತಾನೆ. ಅವನು ಈಗ ಹತ್ತನೇ ತರಗತಿ, ಮಾರ್ಚ್ ಕಳೆದರೆ ನಮ್ಮ ಶಾಲೆಯಲ್ಲಿ ಇರುವುದಿಲ್ಲ.

ತಮ್ಮ ವಿಶ್ವಾಸಿ,
ಖಾನಾಪುರ ತಾಲ್ಲೂಕಿನ ಒಬ್ಬ ದೈಹಿಕ ಶಿಕ್ಷಕ