ದ್ವಿತೀಯ ಪಿಯುಸಿ ಪರೀಕ್ಷೆ 1ರಲ್ಲಿ ಅಂಕ ಕಡಿಮೆ ಬಂದವರಿಗೆ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಫಲಿತಾಂಶ ನೋಡಿ ನಿನ್ನೆ ರಾತ್ರಿಯಿಂದ ಗುಂಪಿನಲ್ಲಿ ಅಳುವ ಇಮೋಜಿಗಳೇ ಜಾಸ್ತಿ. ಮೊದಲು ಮಕ್ಕಳಿಗೆ ಊಟ ಮಾಡಿಸಿ. ಬೈಯೋದು ಆಮೇಲೆ ಇದ್ದೇ ಇದೆ.

2024ರಿಂದ ಹಳೆಯ ಪೂರಕ ಪರೀಕ್ಷೆಯ ಬದಲು ಪರೀಕ್ಷೆ 2 ನಡೆಯುತ್ತಿದೆ. ಫೇಲಾದವರಷ್ಟೇ ಅಲ್ಲ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಎರಡರಲ್ಲಿ ಜಾಸ್ತಿ ಬಂದದ್ದೇ ಉಳಿಯುತ್ತದೆ. ಹಾಗಾಗಿ ಕಳೆದುಕೊಳ್ಳುವುದು ಏನೂ ಇಲ್ಲ.

ಎಂಜಿನಿಯರಿಂಗ್ ಕಡೆ ಹೋಗುವವರು ಒಂದು ಲೆಕ್ಕ ನೋಡಿ. ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಪಿಯುಸಿಯದು 300ಕ್ಕೆ, ಸಿಇಟಿಯದು 180ಕ್ಕೆ. ಅಂದರೆ ಪಿಯುಸಿಯಲ್ಲಿ 30 ಅಂಕ ಹೋಗಿದ್ದರೆ ಸಿಇಟಿಯಲ್ಲಿ 18 ಅಂಕ ಜಾಸ್ತಿ ತೆಗೆದರೆ ಸರಿಹೋಗುತ್ತದೆ. ಆದರೆ ಸೀಟಿಗೆ ಅರ್ಹತೆ ಬೇಕೆಂದರೆ ಪಿಯುಸಿಯ ಈ ವಿಷಯಗಳಲ್ಲಿ ಒಟ್ಟಾರೆ ಸಾಮಾನ್ಯ ವರ್ಗಕ್ಕೆ ಶೇ. 45 ಇರಲೇಬೇಕು. ಅದರ ಹತ್ತಿರ ನಿಂತವರು ಪರೀಕ್ಷೆ 2 ಬಿಡಬೇಡಿ.

ಎಲ್ಲ ವಿಷಯ ಮತ್ತೆ ಬರೆಯುವ ಹುಚ್ಚು ಬೇಡ. ನಮ್ಮ ಮಗ ಹಾಗೆ ಮಾಡಿ ಯಾವುದನ್ನೂ ಸರಿಯಾಗಿ ಓದಲಿಲ್ಲ, ಸುಮ್ನೆ ಶುಲ್ಕ ದಂಡ. ತೀರಾ ಕೈಕೊಟ್ಟ ಒಂದೆರಡು ವಿಷಯ ಸಾಕು. ಅಂಕದ ಮೇಲೆ ಅನುಮಾನವಿದ್ದರೆ ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಿ, ಮರುಮೌಲ್ಯಮಾಪನ ಆಮೇಲೆ.

ಪರೀಕ್ಷೆ 2, ಉತ್ತರ ಪತ್ರಿಕೆಯ ಪ್ರತಿ ಎರಡಕ್ಕೂ ಅರ್ಜಿಯ ಕೊನೆಯ ದಿನಾಂಕ ಬೇಗ ಮುಗಿಯುತ್ತದೆ. ಇವತ್ತೇ ಕಾಲೇಜಿನಲ್ಲಿ ವಿಚಾರಿಸಿ, ಗೊತ್ತಾದವರು ಇಲ್ಲಿ ಹಾಕಿ. ಯಾರ ಮಕ್ಕಳ ಅಂಕಪಟ್ಟಿಯನ್ನೂ ಗುಂಪಿಗೆ ಹಾಕಬೇಡಿ, ದಯವಿಟ್ಟು.