ಇಜುಮೊ ಬಗ್ಗೆ ಇನ್ನೊಮ್ಮೆ ಬರಿ

ಪ್ರೀತಿಯ ತಂಗಿ,

ಜಪಾನಿನ ಹಳೆಯ ಇಜುಮೊ ಸೀಮೆಯ ಮೇಲೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ತುಂಬಾ ಕಷ್ಟಪಟ್ಟಿದ್ದೀಯ. ಆದರೆ ಮೊದಲ ಮೂರು ಪುಟ ಬರೀ ದೇವರುಗಳು, ಜಪಾನನ್ನು ಆಳಿದ ಯಮಾಟೊ ದೊರೆಗಳು. ಆ ನೆಲ ಎಲ್ಲೂ ಕಾಲಿಗೆ ತಾಗಲಿಲ್ಲ.

ಆ ಸೀಮೆಯ ಹಳೆಯ ವರದಿ 'ಫುದೋಕಿ'ಯನ್ನು ಎದುರಿಗಿಟ್ಟುಕೊಂಡು ಮತ್ತೆ ಶುರು ಮಾಡು. 713ರಲ್ಲಿ ಸಾಮ್ರಾಜ್ಞಿ ಗೆನ್ಮೆಯಿ ಎಲ್ಲ ಸೀಮೆಗಳಿಗೂ ಅಪ್ಪಣೆ ಕಳಿಸಿದಳು. ನಿಮ್ಮಲ್ಲಿ ಏನು ಸಿಗುತ್ತದೆ, ಮಣ್ಣು ಹೇಗಿದೆ, ಬೆಟ್ಟ ಹೊಳೆಗಳಿಗೆ ಆ ಹೆಸರು ಯಾಕೆ ಬಂತು, ಹಿರಿಯರು ಯಾವ ಕಥೆ ಹೇಳುತ್ತಾರೆ, ಎಲ್ಲ ಬರೆದು ಕಳಿಸಿ ಅಂತ. ಹೆಚ್ಚುಕಡಿಮೆ ಇಡಿಯಾಗಿ ಉಳಿದಿರುವುದು ಇಜುಮೊದವರು 733ರಲ್ಲಿ ಮುಗಿಸಿದ್ದು ಮಾತ್ರ. 399 ಗುಡಿಗಳು, ಊರಿಂದೂರಿಗೆ ದೂರ, ಗಿಡಮೂಲಿಕೆ, ಮೀನು. ಈ ಪಟ್ಟಿಗಳನ್ನು ನೀನು ಹಾರಿಸಿಬಿಟ್ಟಿದ್ದೀಯ ಅಲ್ವಾ?

ಹಾರಿಸಿದ್ದಕ್ಕೇ ಯಾಸುಗಿ ಊರಿನ ಆ ತಂದೆ ನಿನ್ನ ಕೈತಪ್ಪಿದ. ಹೆಸರು ಇಮಾರೊ. 674ರ ಏಳನೇ ತಿಂಗಳ 13ನೇ ದಿನ, ಕಡಲ ದಂಡೆಯಲ್ಲಿ ಅವನ ಮಗಳನ್ನು 'ವನಿ' ಕೊಂದಿತು. ಆ ಕಡೆಯ ಜನ ಶಾರ್ಕ್ ಮೀನಿಗೆ ಇವತ್ತಿಗೂ ವನಿ ಅಂತಾರೆ. ತಂದೆ ಮಗಳನ್ನು ದಡದಲ್ಲೇ ಹೂತ. ಆಕಾಶ ನೋಡಿ ಕೂಗಿದ, ನೆಲಕ್ಕೆ ಕಾಲು ಬಡಿದ, ಹಗಲೂ ರಾತ್ರಿ ಆ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಬಾಣ ಮಸೆದು, ಈಟಿ ಹಿಡಿದು ದೇವರುಗಳಿಗೆ ಮೊರೆಯಿಟ್ಟ. ಸುಮಾರು ನೂರು ವನಿಗಳು ಒಂದನ್ನು ಸುತ್ತುಗಟ್ಟಿಕೊಂಡು ಮೆಲ್ಲಗೆ ಬಂದವಂತೆ. ನಡುವಿನದನ್ನು ತಿವಿದು ಸೀಳಿದಾಗ ಒಳಗೆ ಮಗಳ ಒಂದು ಮೊಣಕಾಲಿನ ಕೆಳಭಾಗ ಸಿಕ್ಕಿತು.

ಇಷ್ಟು ಬರೆದು ಫುದೋಕಿಯ ಅಧಿಕಾರಿ ಒಂದು ಮಾತು ಸೇರಿಸಿದ್ದಾನೆ: ಇವತ್ತಿಗೆ 60 ವರ್ಷವಾಯಿತು. ಗುಡಿಗಳನ್ನು ಎಣಿಸಿದ ಕೈಯೇ ಆ ವರ್ಷಗಳನ್ನೂ ಎಣಿಸಿದೆ. ಅದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಇಜುಮೊದ ಕೊಜಿಂದಾನಿ ಕಣಿವೆಯನ್ನು ನೀನು ಒಂದು ವಾಕ್ಯದಲ್ಲಿ ಮುಗಿಸಿದ್ದೀಯ. ಅಲ್ಲಿ ಜಾಸ್ತಿ ಹೊತ್ತು ನಿಲ್ಲು. ಹೊಲದ ರಸ್ತೆಗೆಂದು ಜಾಗ ನೋಡುವಾಗ ಒಂದು ಮಡಕೆ ಚೂರು ಸಿಕ್ಕಿತು. 1984ರಲ್ಲಿ ಅಗೆದರೆ 358 ಕಂಚಿನ ಕತ್ತಿಗಳು, ನಾಲ್ಕು ಸಾಲಲ್ಲಿ ಒತ್ತೊತ್ತಾಗಿ ಜೋಡಿಸಿಟ್ಟದ್ದು! ಅಲ್ಲಿಯವರೆಗೆ ಇಡೀ ಜಪಾನಿನಲ್ಲಿ ಸಿಕ್ಕಿದ್ದಕ್ಕಿಂತ ಜಾಸ್ತಿ. ಇಜುಮೊದ ಹಿರಿಮೆ ಬರೀ ಪುರಾಣ ಅನ್ನುತ್ತಿದ್ದವರೂ ಮತ್ತೆ ಯೋಚಿಸಬೇಕಾಯಿತು.

1871ರ ನಂತರದ ಆಡಳಿತ ಬದಲಾವಣೆ, ಇಜುಮೊ ಈಗಿನ ಶಿಮಾನೆ ಪ್ರಾಂತ್ಯಕ್ಕೆ ಸೇರಿದ್ದು, ಇದಕ್ಕೆಲ್ಲ ಎರಡು ಸಾಲು ಸಾಕು. ಇಮಾರೊನನ್ನು ಮೊದಲ ಪುಟಕ್ಕೆ ತಾ. ಬರೆದಾದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ಅಣ್ಣ